ಜ್ವಾಲಾಮುಖಿ ತೋರಿಸಬೇಡಿ, ಕೈಗೆ ಕೊಡಿ

ಶಾಲೆಯ ವಿಜ್ಞಾನ ಮೇಳಕ್ಕೆ ಹೋದವರೆಲ್ಲ ಒಂದು ಜ್ವಾಲಾಮುಖಿ ನೋಡಿಯೇ ಇರ್ತೀವಿ. ಥರ್ಮಾಕೋಲ್ ಶೀಟಿನ ಮೇಲೆ ಮಣ್ಣಿನ ಗುಡ್ಡ, ಅದರ ನಡುವೆ ಒಂದು ಪ್ಲಾಸ್ಟಿಕ್ ಬಾಟಲಿ, ಒಳಗೆ ಅಡುಗೆ ಸೋಡಾ ಮತ್ತು ಕೆಂಪು ಬಣ್ಣ. ಮೇಲಿಂದ ವಿನೆಗರ್ ಸುರಿದ ತಕ್ಷಣ ಬುಸ್ ಅಂತ ನೊರೆ ಉಕ್ಕುತ್ತೆ. ಎಲ್ಲರೂ ಚಪ್ಪಾಳೆ ಹೊಡೀತಾರೆ. ಜಡ್ಜ್ ಮಾರ್ಕ್ಸ್ ಹಾಕಿ ಮುಂದಿನ ಟೇಬಲ್ಲಿಗೆ ಹೋಗ್ತಾರೆ. ಸಿಲಬಸ್ ಎಷ್ಟು ಸಲ ಬದಲಾದ್ರೂ ಈ ಮಾಡೆಲ್ ಮಾತ್ರ ಬದಲಾಗಿಲ್ಲ.

ಆ ಗುಂಪಿನಲ್ಲಿ ಕಣ್ಣು ಕಾಣದ ಒಂದು ಮಗು ನಿಂತಿದೆ ಅಂದುಕೊಳ್ಳಿ. ಅದಕ್ಕೆ ಸಿಕ್ಕಿದ್ದು ವಿನೆಗರ್ ವಾಸನೆ, ಒಂದು ಸಣ್ಣ ಸದ್ದು, ಪಕ್ಕದವರ ಚಪ್ಪಾಳೆ ಅಷ್ಟೆ. ಕಿವಿ ಕೇಳದ ಮಗುವಿಗೆ ನೊರೆ ಕಾಣುತ್ತೆ, ಆದರೆ ವಿವರಿಸುತ್ತಿರುವ ಹುಡುಗ ಮಾಡೆಲ್ ಕಡೆ ಬಗ್ಗಿರೋದರಿಂದ ಅವನ ತುಟಿ ಕಾಣಲ್ಲ. ಗಾಲಿಕುರ್ಚಿಯಲ್ಲಿ ಕೂತ ಮಗುವಿಗೆ ಕಾಣೋದು ಮುಂದೆ ನಿಂತವರ ಬೆನ್ನು. ಆಟಿಸಂ ಇರುವ ಮಗು ಆ ಗಲಾಟೆ ತಡೆಯಲಾರದೆ ಕಿವಿ ಮುಚ್ಚಿಕೊಂಡು ಆಗಲೇ ಹೊರಗೆ ಹೋಗಿರಬಹುದು. ಇವರೆಲ್ಲರ ಹಾಜರಿ ರಿಜಿಸ್ಟರಿನಲ್ಲಿದೆ, ಪಾಠ ಮಾತ್ರ ಇವರ ಹತ್ತಿರ ಬರಲಿಲ್ಲ.

ನಾವು ಹೇಳಬೇಕು ಅಂತಿರೋದು ಇಷ್ಟು. ವಿಶೇಷಚೇತನ ಮಕ್ಕಳಿಗೆ ವಿಜ್ಞಾನ ಕಲಿಸುವಾಗ ಅವರನ್ನು ಪ್ರೇಕ್ಷಕರನ್ನಾಗಿ ಕೂರಿಸೋದನ್ನು ನಿಲ್ಲಿಸಬೇಕು. ಪ್ರಯೋಗ ಅವರ ಕೈಯಲ್ಲಿ ನಡೀಬೇಕು. ತಂತ್ರಜ್ಞಾನ ಆ ಕೈಗೆ ಸಹಾಯ ಮಾಡಬೇಕೇ ಹೊರತು ಕೈಯ ಜಾಗವನ್ನೇ ಕಿತ್ಕೋಬಾರದು. ಎಂಜಿನಿಯರಿಂಗ್ ಓದ್ತಿರೋ ನಮಗೆ ಈ ಎರಡನೇ ಮಾತು ಹೆಚ್ಚು ಮುಖ್ಯ, ಯಾಕಂದ್ರೆ ನಾವು ಶುರು ಮಾಡೋದೇ ಸರ್ಕ್ಯೂಟ್‌ನಿಂದ.

ಸೋಡಾ ಜ್ವಾಲಾಮುಖಿ ಯಾರಿಗೂ ಏನೂ ಕಲಿಸಲ್ಲ

ಸ್ವಲ್ಪ ಖಾರವಾಗಿ ಹೇಳ್ತಿದೀವಿ ಅನ್ನಿಸಬಹುದು. ಆದರೆ ಯೋಚಿಸಿ. ಸೋಡಾ ಮತ್ತು ವಿನೆಗರ್ ಸೇರಿದಾಗ ಆಗೋದು ಆಮ್ಲ-ಕ್ಷಾರದ ರಾಸಾಯನಿಕ ಕ್ರಿಯೆ. ಅದರಿಂದ ಕಾರ್ಬನ್ ಡೈ ಆಕ್ಸೈಡ್ ಬರುತ್ತೆ. ಭೂಮಿಯೊಳಗೆ ಯಾರೂ ವಿನೆಗರ್ ಸುರಿಯಲ್ಲ. ಅಲ್ಲಿ ಕಲ್ಲು ಕರಗಿ ಶಿಲಾಪಾಕ ಆಗಿರುತ್ತೆ, ಅದರಲ್ಲಿ ಅನಿಲ ಬೆರೆತು ಕೂತಿರುತ್ತೆ. ಪಾಕ ಮೇಲಕ್ಕೆ ಬಂದ ಹಾಗೆ ಒತ್ತಡ ಕಮ್ಮಿಯಾಗಿ ಅನಿಲ ಗುಳ್ಳೆಯಾಗಿ ಹೊರಡುತ್ತೆ. ಆ ಗುಳ್ಳೆಗಳು ಸುಲಭವಾಗಿ ಹೊರಗೆ ಹೋಗ್ತಾವಾ, ಅಥವಾ ಸಿಕ್ಕಿಕೊಂಡು ಒಟ್ಟಿಗೆ ಸಿಡಿಯುತ್ತಾವಾ ಅನ್ನೋದರ ಮೇಲೆ ಆ ಬೆಟ್ಟದ ಸ್ವಭಾವ ನಿಂತಿದೆ. ಕರಗುವುದು, ಒತ್ತಡ, ಅಂಟುತನ: ಪಾಠದಲ್ಲಿರೋ ಮೂರು ವಿಷಯ ಇವು. ಮೇಳದ ಮಾಡೆಲ್‌ನಲ್ಲಿ ಮೂರೂ ಇಲ್ಲ. ನೋಡೋಕೆ ಚೆಂದ ಇದೆ ಅನ್ನೋ ಒಂದೇ ಕಾರಣಕ್ಕೆ ಅದು ಉಳಿದಿದೆ. ನೋಡಲಾಗದ ಮಗು ಬಂದಾಗ ಆ ಮಾಡೆಲ್ ಎಷ್ಟು ಪೊಳ್ಳು ಅನ್ನೋದು ಎಲ್ಲರಿಗೂ ಗೊತ್ತಾಗುತ್ತೆ.

ನಮ್ಮ ಪದ ಕೂಡ ಸ್ವಲ್ಪ ದಾರಿ ತಪ್ಪಿಸುತ್ತೆ. ನಮ್ಮಲ್ಲಿ ತುಂಬಾ ಜನ ಇಂಗ್ಲಿಷ್ ಮೀಡಿಯಂ, ‘ವಾಲ್ಕೆನೊ’ ಅಂತಲೇ ಕಲಿತವರು. ‘ಜ್ವಾಲಾಮುಖಿ’ ಅನ್ನೋ ಪದ ಬಿಡಿಸಿ ನೋಡಿದ್ರೆ ಬಾಯಲ್ಲಿ ಬೆಂಕಿ ಇರೋದು ಅಂತಾಗುತ್ತೆ. ‘ಬೆಂಕಿ ಉಗುಳುವ ಬೆಟ್ಟ’ ಅಂತಲೂ ಹೇಳ್ತೀವಿ. ಆದರೆ ಹೊರಗೆ ಬರೋದು ಮುಖ್ಯವಾಗಿ ಕರಗಿದ ಕಲ್ಲು, ಬೂದಿ, ಅನಿಲ. ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಮಗುವಿಗೆ ಮೊದಲು ಕೇಳಿದ ಮಾತೇ ಗಟ್ಟಿಯಾಗಿ ಕೂತುಬಿಡಬಹುದು. ಒಲೆಯ ಬೆಂಕಿ ಅಂತ ಒಮ್ಮೆ ಅಂದುಕೊಂಡ ಮೇಲೆ ಅದನ್ನು ಬದಲಾಯಿಸೋದು ಕಷ್ಟ. ಅದಕ್ಕೇ ‘ಕರಗಿದ ಕಲ್ಲು ಹೊರಗೆ ಬರುವ ಜಾಗ’ ಅಂತ ಮೊದಲು ಹೇಳಿ, ಹೆಸರು ಆಮೇಲೆ ಕೊಡಿ.

ಒಳಗೆ ಏನಿದೆ ಅಂತ ಯಾರೂ ನೋಡಿಲ್ಲ

‘ಕಣ್ಣು ಕಾಣದವರಿಗೆ ಜ್ವಾಲಾಮುಖಿ ಹೇಗೆ ಅರ್ಥ ಆಗುತ್ತೆ?’ ಅಂತ ಕೇಳುವವರಿಗೆ ನಮ್ಮ ಮರುಪ್ರಶ್ನೆ: ಜ್ವಾಲಾಮುಖಿಯ ಹೊಟ್ಟೆಯೊಳಗನ್ನು ಕಣ್ಣಿರೋರು ಯಾರು ನೋಡಿದ್ದಾರೆ? ವಿಜ್ಞಾನಿಗಳು ಮಾಡೋದು ಡಾಕ್ಟರ್ ಕೆಲಸ. ನೆಲದ ಕಂಪನವನ್ನು ಸೀಸ್ಮೋಗ್ರಾಫ್‌ನಲ್ಲಿ ಕೇಳಿಸಿಕೊಳ್ತಾರೆ. ಬೆಟ್ಟದ ಇಳಿಜಾರು ಎಷ್ಟು ವಾಲಿದೆ ಅಂತ ಟಿಲ್ಟ್‌ಮೀಟರ್‌ನಲ್ಲಿ ಅಳೀತಾರೆ. ಹೊರಗೆ ಬರೋ ಗಂಧಕದ ಅನಿಲ ಎಷ್ಟಿದೆ ಅಂತ ಲೆಕ್ಕ ಹಾಕ್ತಾರೆ. ಕೇಳೋದು, ಮುಟ್ಟಿ ತಿಳಿಯೋದು, ಮೂಸೋದು. ಇದೇ ತಾನೆ?

1980ರಲ್ಲಿ ಅಮೆರಿಕದ ಮೌಂಟ್ ಸೇಂಟ್ ಹೆಲೆನ್ಸ್ ಬೆಟ್ಟದ ಉತ್ತರ ಮಗ್ಗುಲು ದಿನಕ್ಕೆ ಸುಮಾರು ಒಂದೂವರೆ ಮೀಟರ್‌ನಂತೆ ಉಬ್ಬುತ್ತಾ ಬಂತು. ಮೇ 18ರಂದು ಆ ಮಗ್ಗುಲೇ ಕುಸಿದು ಬೆಟ್ಟ ಸಿಡೀತು, 57 ಜನ ಸತ್ತರು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟುಬೊ ಸಿಡಿಯುವ ಮೊದಲು ಕಂಪನ ಮತ್ತು ಅನಿಲದ ಅಳತೆ ನೋಡಿಯೇ ವಿಜ್ಞಾನಿಗಳು ಎಚ್ಚರಿಕೆ ಕೊಟ್ಟರು, ಸಾವಿರಾರು ಜನ ಜಾಗ ಖಾಲಿ ಮಾಡಿ ಬದುಕಿದರು. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವ ಸಿಡಿದಾಗ ಆ ಸದ್ದು ಹಿಂದೂ ಮಹಾಸಾಗರದ ರೋಡ್ರಿಗಸ್ ದ್ವೀಪದವರೆಗೆ ಕೇಳಿಸ್ತು, ಅಂದ್ರೆ ಸುಮಾರು 4,800 ಕಿ.ಮೀ. ದೂರ. ಜಗತ್ತಿನ ಬೇರೆ ಬೇರೆ ಊರುಗಳ ವಾಯುಭಾರ ಮಾಪಕಗಳು ಅದರ ಒತ್ತಡದ ಅಲೆಯನ್ನು ದಾಖಲಿಸಿದವು. ಈ ಕಥೆಗಳಲ್ಲಿ ಕಣ್ಣಿಗಿಂತ ಹೆಚ್ಚು ಕೆಲಸ ಮಾಡಿದ್ದು ಬೇರೆ ಇಂದ್ರಿಯಗಳು ಮತ್ತು ಅವುಗಳಿಗೆ ನೆರವಾದ ಉಪಕರಣಗಳು.

ಇನ್ನೊಂದು ಉದಾಹರಣೆ, ಜ್ವಾಲಾಮುಖಿಯದ್ದಲ್ಲ, ಆದರೆ ಪ್ರಾಥಮಿಕ ಶಾಲೆಯದ್ದೇ. ಖೀರಾತ್ ವರ್ಮೆ ಅನ್ನೋ ಡಚ್ ಮೂಲದ ವಿಜ್ಞಾನಿ ಮೂರು ವರ್ಷದವರಿದ್ದಾಗಲೇ ದೃಷ್ಟಿ ಕಳೆದುಕೊಂಡರು. ಅಮೆರಿಕದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಟೀಚರ್ ಫ್ಲೋರಿಡಾದಿಂದ ತಂದ ಕಪ್ಪೆಚಿಪ್ಪು, ಶಂಖಗಳನ್ನು ಕ್ಲಾಸಿನಲ್ಲಿಟ್ಟಿದ್ರು. ಹುಡುಗ ಅವನ್ನು ಬೆರಳಲ್ಲಿ ಓದಿದ. ಅಲ್ಲಿಂದ ಶುರುವಾದ ಕುತೂಹಲ ಅವರನ್ನು ಚಿಪ್ಪುಗಳ ವಿಕಾಸದ ದೊಡ್ಡ ವಿದ್ವಾಂಸರನ್ನಾಗಿ ಮಾಡಿತು, ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು. ಆ ಟೀಚರ್ ಹತ್ತಿರ ಯಾವ ಗ್ಯಾಜೆಟ್ಟೂ ಇರಲಿಲ್ಲ. ಅಸಲಿ ವಸ್ತುವನ್ನು ಮಕ್ಕಳ ಕೈಗೆ ಸಿಗೋ ಹಾಗೆ ಇಟ್ಟಿದ್ರು, ಅಷ್ಟೆ.

ಹಾಸ್ಟೆಲ್ ರೂಮಿನಲ್ಲೇ ಆಗೋ ಮೂರು ಪ್ರಯೋಗ

ನಾವು ನಾಲ್ಕು ಜನ ಸೇರಿ ಕೆಲವು ಪ್ರಯೋಗಗಳನ್ನು ಹಾಸ್ಟೆಲ್ ರೂಮಿನಲ್ಲೇ ಮಾಡಿ ನೋಡಿದ್ವಿ. ಕಣ್ಣು ಮುಚ್ಚಿಕೊಂಡು ಮಾಡಿದ್ರೂ, ಕಿವಿಗೆ ಹತ್ತಿ ಇಟ್ಟುಕೊಂಡು ಮಾಡಿದ್ರೂ ವಿಷಯ ಗೊತ್ತಾಗಬೇಕು ಅನ್ನೋದು ಷರತ್ತು. ಇದರಿಂದ ಆ ಮಕ್ಕಳ ಅನುಭವ ನಮಗೆ ಗೊತ್ತಾಗಿಬಿಡುತ್ತೆ ಅಂತಲ್ಲ, ಪ್ರಯೋಗ ಒಂದೇ ಇಂದ್ರಿಯದ ಮೇಲೆ ನಿಂತಿದೆಯಾ ಅಂತ ಪರೀಕ್ಷೆ ಮಾಡೋಕೆ ಅಷ್ಟೆ. ಷರತ್ತಿನಲ್ಲಿ ಪಾಸಾದ ಮೂರು ಪ್ರಯೋಗ ಇಲ್ಲಿವೆ.

ಒಂದು, ಸೋಡಾ ಬಾಟಲಿ. ಅಂಗಡಿಯಲ್ಲಿ ಸಿಗೋ ಪ್ಲಾಸ್ಟಿಕ್ ಬಾಟಲಿಯ ಸೋಡಾ ತನ್ನಿ. ಮುಚ್ಚಳ ತೆಗೆಯುವ ಮೊದಲು ಮಗು ಬಾಟಲಿಯನ್ನು ಎರಡೂ ಕೈಯಲ್ಲಿ ಒತ್ತಲಿ, ಕಲ್ಲಿನ ಹಾಗೆ ಗಟ್ಟಿ ಇರುತ್ತೆ. ಮುಚ್ಚಳವನ್ನು ಸ್ವಲ್ಪ ಸಡಿಲಿಸಿದ್ರೆ ‘ಸ್ಸ್’ ಅನ್ನೋ ಸದ್ದು, ಬೆರಳಿಗೆ ಗಾಳಿ. ಈಗ ಮತ್ತೆ ಒತ್ತಲಿ, ಬಾಟಲಿ ಮೆತ್ತಗಾಗಿದೆ. ಗ್ಲಾಸಿಗೆ ಸುರಿದು ಕಿವಿ ಹತ್ತಿರ ಹಿಡಿದ್ರೆ ಗುಳ್ಳೆ ಒಡೆಯೋದು ಕೇಳುತ್ತೆ, ಅಂಗೈ ಮೇಲಿಟ್ಟರೆ ಸಣ್ಣ ಸಿಡಿತ ತಾಗುತ್ತೆ. ದ್ರವದಲ್ಲಿ ಅನಿಲ ಅಡಗಿ ಕೂತಿತ್ತು, ಒತ್ತಡ ಇಳಿದ ಮೇಲೆ ಹೊರಗೆ ಬಂತು. ಜ್ವಾಲಾಮುಖಿಯಲ್ಲೂ ಇದೇ ಕಥೆ.

ಎರಡು, ನೀರು ಮತ್ತು ಗಂಜಿ. ಎರಡು ಲೋಟ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಆರಿದ ದಪ್ಪ ಗಂಜಿ. ಸ್ಟ್ರಾ ಇಟ್ಟು ಮೆಲ್ಲಗೆ ಊದಬೇಕು. ನೀರಿನಲ್ಲಿ ಗುಳ್ಳೆ ಗುಳುಗುಳು ಅಂತ ಸಲೀಸಾಗಿ ಬರುತ್ತೆ. ಗಂಜಿಯಲ್ಲಿ ಊದೋಕೇ ಬಲ ಬೇಕು, ಗುಳ್ಳೆ ತಡೆದು ನಿಂತು ‘ಪ್ಲಾಪ್’ ಅಂತ ಒಡೆದು ಮೇಲೆ ಹಿಡಿದ ಅಂಗೈಗೆ ಸಿಡಿಯುತ್ತೆ. ಹವಾಯಿಯ ತೆಳು ಲಾವಾ ಹೆಚ್ಚಾಗಿ ಸಾವಧಾನವಾಗಿ ಹರಿಯೋದು ಯಾಕೆ, ಸೇಂಟ್ ಹೆಲೆನ್ಸ್‌ನ ಅಂಟು ಪಾಕ ಸಿಡಿದಿದ್ದು ಯಾಕೆ ಅನ್ನೋದು ಕೆನ್ನೆಯ ಸ್ನಾಯುಗಳಿಗೇ ಗೊತ್ತಾಗುತ್ತೆ. ಊದಲು ಕಷ್ಟವಾಗುವ ಮಗುವಿಗೆ ಸೂಜಿ ಇಲ್ಲದ ದೊಡ್ಡ ಸಿರಿಂಜ್ ಮತ್ತು ಟ್ಯೂಬ್ ಕೊಡಿ. ಪ್ರತಿ ಮಗುವಿಗೂ ಬೇರೆ ಸ್ಟ್ರಾ ಇರಲಿ, ಒಳಗೆ ಎಳೆದುಕೊಳ್ಳದ ಹಾಗೆ ಪಕ್ಕದಲ್ಲಿ ಒಬ್ಬರು ಇರಲಿ.

ಮೂರು, ರಾಗಿ ಹಿಟ್ಟಿನ ಬೆಟ್ಟ. ಅಗಲವಾದ ಟ್ರೇ, ತಳದಲ್ಲಿ ಟ್ಯೂಬ್ ಜೋಡಿಸಿದ ಬಲೂನ್, ಮೇಲೆ ನಾಲ್ಕು ಬೆರಳು ದಪ್ಪ ರಾಗಿ ಹಿಟ್ಟು. ಮಗುವಿನ ಒಂದು ಕೈ ಪಂಪಿನ ಮೇಲೆ, ಇನ್ನೊಂದು ಹಿಟ್ಟಿನ ಮೇಲೆ. ಪಂಪ್ ಒತ್ತಿದ ಹಾಗೆ ನೆಲ ನಿಧಾನವಾಗಿ ಏಳುತ್ತೆ, ಮೇಲೆ ಬಿರುಕು ಬಿಡುತ್ತೆ, ಬೆರಳ ತುದಿಗೆ ಅದು ಸ್ಪಷ್ಟ. ಗಾಳಿ ಬಿಟ್ಟರೆ ನಡುವೆ ಕುಸಿದು ಗುಂಡಿಯಾಗುತ್ತೆ. ಶಿಲಾಪಾಕ ಒಳಗೆ ತುಂಬಿದಾಗ ಬೆಟ್ಟ ಉಬ್ಬೋದು, ಖಾಲಿಯಾದಾಗ ಮೇಲಿನ ನೆಲ ಕುಸಿದು ದೊಡ್ಡ ಬೋಗುಣಿ ಆಗೋದು, ಎರಡೂ ಒಂದೇ ಟ್ರೇಯಲ್ಲಿ. ಕೆಲವು ಮಕ್ಕಳಿಗೆ ಬಲೂನಿನ ರಬ್ಬರ್ ಅಲರ್ಜಿ ಇರಬಹುದು, ಒಡೆಯುವ ಸದ್ದಿಗೆ ಹೆದರುವವರೂ ಇರ್ತಾರೆ. ಮೊದಲೇ ಟೀಚರ್ ಹತ್ತಿರ ಕೇಳಿ, ಬೇಕಿದ್ರೆ ರಬ್ಬರ್ ಅಲ್ಲದ ಗಾಳಿ ಚೀಲ ಬಳಸಿ.

ಇದರ ಜೊತೆಗೆ ಹಿಮ್ಮಡಿ ಉಜ್ಜೋಕೆ ಬಳಸುವ ಅಸಲಿ ಪ್ಯೂಮಿಸ್ ಕಲ್ಲು ಸಿಕ್ಕರೆ ಬಿಡಬೇಡಿ. ಅದು ಗುಳ್ಳೆಗಳ ಸಮೇತ ಗಟ್ಟಿಯಾದ ಜ್ವಾಲಾಮುಖಿ ನೊರೆ. ಕೈಗೆ ತೂತು ತೂತು ಸಿಗುತ್ತೆ, ನೀರಿಗೆ ಹಾಕಿದ್ರೆ ತೇಲುತ್ತೆ. ಕಲ್ಲು ತೇಲೋದನ್ನು ಕೈಯಾರೆ ತಿಳಿದ ಮಗು ಅದನ್ನು ಮನೆಯಲ್ಲಿ ಹೇಳದೆ ಇರುತ್ತಾ?

ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಚಪ್ಪಲಿ ಬೇಡ

‘ವಿಶೇಷಚೇತನ’ ಅಂತ ಒಂದು ಪದದಲ್ಲಿ ಹೇಳಿಬಿಡ್ತೀವಿ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಆಗಿವೆ. ಒಂದೊಂದರ ಒಳಗೂ ಒಂದೊಂದು ಮಗು ಬೇರೆ. ಆದ್ದರಿಂದ ಒಂದೇ ಕಿಟ್ ಮಾಡಿ ‘ಇದು ಎಲ್ಲರಿಗೂ’ ಅನ್ನೋ ಮಾತು ನಂಬಬೇಡಿ. ಆದರೆ ಚಿಕ್ಕ ಚಿಕ್ಕ ಬದಲಾವಣೆ ಸಾಕಾಗುತ್ತೆ.

ಕಣ್ಣು ಕಾಣದ ಮಗುವಿಗೆ ಸಮಯ ಬೇಕು. ನಾವು ಒಂದು ಕ್ಷಣದಲ್ಲಿ ಇಡೀ ಮಾಡೆಲ್ ನೋಡ್ತೀವಿ, ಬೆರಳು ತುಂಡು ತುಂಡಾಗಿ ಓದಿ ಮನಸ್ಸಲ್ಲಿ ಜೋಡಿಸಬೇಕು. ಮಗುವಿನ ಕೈ ಹಿಡಿದು ಎಳೆದು ಮಾಡೆಲ್ ಮೇಲೆ ಇಡೋದು ಬೇಡ, ‘ನಿನ್ನ ಬಲಗಡೆ ಟ್ರೇ ಇದೆ’ ಅಂತ ಹೇಳಿದ್ರೆ ಅದೇ ಹುಡುಕಿಕೊಳ್ಳುತ್ತೆ. ಸ್ವಲ್ಪ ದೃಷ್ಟಿ ಇರೋ ಮಗುವಿಗೆ ಬಿಳಿ ಟ್ರೇಯಲ್ಲಿ ಕಂದು ರಾಗಿ ಹಿಟ್ಟು ಚೆನ್ನಾಗಿ ಎದ್ದು ಕಾಣುತ್ತೆ. ಬಿಳಿ ಟ್ರೇಗೆ ಮೈದಾ ಹಾಕಿದ್ರೆ ಏನೂ ಕಾಣಲ್ಲ.

ಕಿವಿ ಕೇಳದ ಮಗುವಿನ ವಿಷಯದಲ್ಲಿ ಮರೆತುಹೋಗೋ ಮಾತು ಒಂದಿದೆ. ಅದು ಸಂಜ್ಞಾ ಭಾಷೆಯ ಕೈಗಳನ್ನೂ ಪ್ರಯೋಗವನ್ನೂ ಒಟ್ಟಿಗೆ ನೋಡೋಕಾಗಲ್ಲ. ಮೊದಲು ಹೇಳಿ, ನಿಲ್ಲಿಸಿ, ಆಮೇಲೆ ಮಾಡಿ, ಮತ್ತೆ ನಿಲ್ಲಿಸಿ ಕೇಳಿ. ಬೋರ್ಡ್ ಕಡೆ ತಿರುಗಿ ಮಾತಾಡಬೇಡಿ.

ಬೌದ್ಧಿಕ ವೈಕಲ್ಯ ಇರುವ ಮಗುವಿಗೆ ಒಂದು ದಿನ ಒಂದೇ ವಿಷಯ. ಇವತ್ತು ಕರಗೋದು ಮಾತ್ರ. ಚಳಿಗಾಲದಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ಅಂಗೈ ಮೇಲೆ ಹಾಕಿದ್ರೆ ಕರಗುತ್ತೆ, ಬೇರೆ ಪೀಠಿಕೆ ಬೇಡ. ಕಲ್ಲು ಕರಗೋಕೆ ಇದಕ್ಕಿಂತ ತುಂಬಾ ತುಂಬಾ ಬಿಸಿ ಬೇಕು ಅನ್ನೋದು ಮರುದಿನದ ಮಾತು. ‘ಉಬ್ಬಿತು, ಬಿರುಕು ಬಿಟ್ಟಿತು, ಹೊರಗೆ ಬಂತು, ಗಟ್ಟಿಯಾಯಿತು’ ಅನ್ನೋ ನಾಲ್ಕು ಚಿತ್ರದ ಕಾರ್ಡ್ ಕೊಟ್ಟು ಕ್ರಮವಾಗಿ ಜೋಡಿಸೋಕೆ ಹೇಳಿ. ಮಾತು ಬಾರದ ಮಗುವೂ ಕಾರ್ಡ್ ತೋರಿಸಿ ಉತ್ತರ ಹೇಳಬಹುದು.

ಆಟಿಸಂ ಇರುವ ಕೆಲವು ಮಕ್ಕಳಿಗೆ ಅಂಟಂಟು ಗಂಜಿ ಮುಟ್ಟೋದೇ ಹಿಂಸೆ. ಚಮಚ ಕೊಡಿ, ಗ್ಲೌಸ್ ಕೊಡಿ, ಅಥವಾ ಮುಚ್ಚಿದ ಪ್ಲಾಸ್ಟಿಕ್ ಕವರಿನೊಳಗೆ ಗಂಜಿ ಹಾಕಿ ಹೊರಗಿಂದ ಒತ್ತಲಿ. ಮುಂದೆ ಏನಾಗುತ್ತೆ, ಯಾವಾಗ ಸದ್ದು ಬರುತ್ತೆ ಅಂತ ಮೊದಲೇ ಹೇಳಿ. ನಮಗೆ ಸರ್‌ಪ್ರೈಸ್ ಇಷ್ಟ ಇರಬಹುದು, ಎಲ್ಲರಿಗೂ ಇರಲ್ಲ.

ಈ ಪಟ್ಟಿ ಓದಿದ್ರೆ ಒಂದು ವಿಷಯ ಹೊಳೆಯುತ್ತೆ. ನಿಧಾನವಾಗಿ ಹೇಳೋದು, ಹೇಳಿ ಆಮೇಲೆ ಮಾಡೋದು, ಮುಟ್ಟೋಕೆ ಬಿಡೋದು, ಉತ್ತರ ಹೇಳೋಕೆ ಹಲವು ದಾರಿ ಕೊಡೋದು: ಇದರಲ್ಲಿ ಯಾವುದು ತಾನೆ ಬೇರೆ ಮಕ್ಕಳಿಗೆ ಬೇಡ? ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ವಿಸ್ಕಾಸಿಟಿ ಬಂದಾಗ ನಮಗೂ ಯಾರಾದ್ರೂ ಗಂಜಿ ಲೋಟ ಕೊಟ್ಟಿದ್ರೆ ಚೆನ್ನಾಗಿರ್ತಿತ್ತು.

ಈಗ ನಮ್ಮ ಸರದಿ: ತಂತ್ರಜ್ಞಾನ

ಮೇಲಿನ ಪ್ರಯೋಗಗಳಿಗೆ ಕರೆಂಟೇ ಬೇಡ. ಹಾಗಾದ್ರೆ ನಮ್ಮ ಕೆಲಸ ಏನು? ಕೈಗೆ ಸಿಗದೆ ಇರೋದನ್ನು ಕೈಗೆ ಸಿಗೋ ಹಾಗೆ ಮಾಡೋದು.

ರಾಗಿ ಹಿಟ್ಟಿನ ಬೆಟ್ಟವನ್ನೇ ತಗೊಳ್ಳಿ. ಇಳಿಜಾರಿನ ಮೇಲೆ ಒಂದು ಚಿಕ್ಕ ವಾಲಿಕೆ ಸೆನ್ಸರ್, ಒಂದು ಆರ್ಡುಯಿನೊ, ಒಂದು ಸ್ಪೀಕರ್, ಫೋನಿನಲ್ಲಿರೋ ಥರದ ವೈಬ್ರೇಶನ್ ಮೋಟರ್, ನಾಲ್ಕು ಎಲ್‌ಇಡಿ. ಬೆಟ್ಟ ವಾಲಿದಷ್ಟೂ ಸ್ವರ ಏರುತ್ತೆ, ಮೋಟರ್ ಜೋರಾಗಿ ನಡುಗುತ್ತೆ, ದೀಪ ಒಂದೊಂದಾಗಿ ಹತ್ತುತ್ತೆ. ಒಂದೇ ಮಾಹಿತಿ, ಮೂರು ದಾರಿ. ಕಣ್ಣು ಕಾಣದವರು ಕೇಳ್ತಾರೆ, ಕಿವಿ ಕೇಳದವರು ನೋಡ್ತಾರೆ, ಎರಡೂ ಕಷ್ಟ ಇರುವವರು ನಡುಕ ಮುಟ್ಟಿ ತಿಳೀತಾರೆ. ಪಂಪಿನ ಬದಲು ಅಂಗೈ ಅಗಲದ ಒಂದು ದೊಡ್ಡ ಬಟನ್ ಇಟ್ಟು ಸಣ್ಣ ಮೋಟರ್ ಪಂಪ್ ಜೋಡಿಸಿದ್ರೆ ಸೆರೆಬ್ರಲ್ ಪಾಲ್ಸಿ ಇರುವ ಮಗು ಮೊಣಕೈಯಿಂದ ಒತ್ತಿಯಾದ್ರೂ ಬೆಟ್ಟ ಎಬ್ಬಿಸಬಹುದು. ಇದು ಆಟಿಕೆ ಅಂತ ಅನ್ನಿಸಬಹುದು, ಆದರೆ ವೀಕ್ಷಣಾಲಯಗಳಲ್ಲಿ ನಿಜವಾದ ಟಿಲ್ಟ್‌ಮೀಟರ್ ಮಾಡೋ ಕೆಲಸವೂ ಇದೇ. ‘ಯಾವ ಸ್ವರಕ್ಕೆ ಬಂದಾಗ ಊರು ಖಾಲಿ ಮಾಡಿಸ್ತೀಯಾ?’ ಅಂತ ಕೇಳಿ. ಆ ಪ್ರಶ್ನೆಗೆ ಉತ್ತರ ಹುಡುಕುವ ಮಗು ಆ ಹೊತ್ತಿಗೆ ವಿಜ್ಞಾನಿಯೇ.

ಇನ್ನು 3ಡಿ ಪ್ರಿಂಟರ್. 2000ದಲ್ಲಿ ನಾಸಾ ಬಾಹ್ಯಾಕಾಶ ನೌಕೆಯಿಂದ ರೇಡಾರ್‌ನಲ್ಲಿ ಅಳೆದ ಭೂಮಿಯ ಎತ್ತರದ ಮಾಹಿತಿ ಉಚಿತವಾಗಿ ಸಿಗುತ್ತೆ. ಅದರಿಂದ ಬೆಟ್ಟವನ್ನು ಅಂಗೈ ಅಳತೆಗೆ ಪ್ರಿಂಟ್ ಮಾಡಬಹುದು. ಇಲ್ಲಿ ಕ್ಯಾಡ್ ಗೊತ್ತಿರೋರು ಒಂದು ಅಳತೆ ನೆನಪಿಡಿ. ಬ್ರೈಲ್ ಅಕ್ಷರದಲ್ಲಿ ಚುಕ್ಕಿಯಿಂದ ಚುಕ್ಕಿಗೆ ಸುಮಾರು 2.5 ಮಿ.ಮೀ. ಅಂತರ ಇರುತ್ತೆ, ಬೆರಳ ತುದಿ ಬೇರೆ ಬೇರೆ ಅಂತ ಗುರುತಿಸಲಿ ಅಂತ. ಅದಕ್ಕಿಂತ ಸೂಕ್ಷ್ಮ ಕೆತ್ತನೆ ನಮ್ಮ ಸ್ಕ್ರೀನ್ ಮೇಲೆ ಎಷ್ಟೇ ಚೆಂದ ಕಂಡರೂ ಬೆರಳಿಗೆ ಬರೀ ಒರಟು. ವಿವರ ಕಮ್ಮಿ ಮಾಡಿ. ಶಿಲಾಪಾಕದ ಕೊಠಡಿ ನುಣುಪು, ಕೊಳವೆ ಗೆರೆ ಗೆರೆ, ಲಾವಾದ ಪದರ ಚುಕ್ಕಿ ಚುಕ್ಕಿ, ಇಷ್ಟು ಸಾಕು.

ಸಾಫ್ಟ್‌ವೇರ್ ಹುಡುಗರಿಗೆ ಇನ್ನೂ ದೊಡ್ಡ ಕೆಲಸ ಇದೆ, ಅದು ಕನ್ನಡದ್ದು. ಎನ್‌ವಿಡಿಎ ಅನ್ನೋ ಉಚಿತ ಸ್ಕ್ರೀನ್ ರೀಡರ್ ಅನ್ನು 2006ರಲ್ಲಿ ಶುರು ಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಸ್ವತಃ ದೃಷ್ಟಿ ಇಲ್ಲದವರು. ಅದು ಕನ್ನಡವನ್ನೂ ಓದುತ್ತೆ. ಆದರೆ ನಮ್ಮ ಎಷ್ಟೋ ಹಳೆಯ ಪಾಠ, ನೋಟ್ಸ್‌ಗಳು ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಆಗಿವೆ. ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಸ್ಕ್ರೀನ್ ರೀಡರ್ ಅದನ್ನೇ ಗಟ್ಟಿಯಾಗಿ ಓದುತ್ತೆ, ಮಗು ಫೈಲ್ ಮುಚ್ಚುತ್ತೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದ್ರೆ ಪೂರ್ತಿ ಮೌನ. ಕನ್ನಡ ಸಂಘದವರು ನಾವು ನವೆಂಬರ್ ತಿಂಗಳಲ್ಲಿ ಬಾವುಟ ಹಾರಿಸ್ತೀವಿ, ಸಂತೋಷ. ಜೊತೆಗೆ ಒಂದು ಪಾಠವನ್ನು ಯೂನಿಕೋಡಿಗೆ ಬದಲಾಯಿಸಿ, ಅದರಲ್ಲಿರೋ ಚಿತ್ರಗಳಿಗೆ ಎರಡೆರಡು ಸಾಲಿನ ವಿವರಣೆ ಬರೆದ್ರೆ ಕನ್ನಡಕ್ಕೆ ಒಬ್ಬ ಓದುಗ ಹೆಚ್ಚಾಗ್ತಾನೆ. ಸಂಜ್ಞಾ ಭಾಷೆಯ ಕಡೆ ಕೆಲಸ ಆಗಲೇ ಶುರುವಾಗಿದೆ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ನಿಘಂಟು ತಂತು, 2020ರಲ್ಲಿ ಪಠ್ಯಪುಸ್ತಕಗಳನ್ನು ಸಂಜ್ಞಾ ಭಾಷೆಗೆ ತರೋಕೆ ಎನ್‌ಸಿಇಆರ್‌ಟಿ ಜೊತೆ ಒಪ್ಪಂದ ಮಾಡಿಕೊಂಡಿತು.

ವಿಆರ್ ಹೆಡ್‌ಸೆಟ್ ಬಗ್ಗೆ ನಮಗೆ ಪೂರ್ತಿ ವಿರೋಧ ಇಲ್ಲ. ಕಣ್ಣು ಕಾಣದವರಿಗೆ ಅದರ ಚಿತ್ರ ಪ್ರಯೋಜನ ಇಲ್ಲ, ಕೆಲವರಿಗೆ ತಲೆ ಸುತ್ತುತ್ತೆ. ಆದರೆ ಗಾಲಿಕುರ್ಚಿಯ ಮಗುವನ್ನು ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪದ ಬಂಡೆಗಳ ಮೇಲೆ ಇಳಿಸೋದು ಎಷ್ಟು ಕಷ್ಟ ಅಂತ ಅಲ್ಲಿಗೆ ಹೋದವರಿಗೆ ಗೊತ್ತು. ಅಂಥ ಕಡೆ ಅದು ನಿಜವಾಗಿ ಉಪಯೋಗ. ಯಾರಿಗೆ, ಯಾವ ತೊಂದರೆಗೆ ಅಂತ ಮೊದಲು ಕೇಳಿಕೊಳ್ಳಬೇಕು.

‘ಇವರಿಗ್ಯಾಕೆ ಜ್ವಾಲಾಮುಖಿ?’

ಇದು ನಾವು ಎದುರಿಸಲೇಬೇಕಾದ ವಾದ. ‘ಪಾಪ, ಬಟ್ಟೆ ಹಾಕ್ಕೊಳ್ಳೋದು, ದುಡ್ಡು ಎಣಿಸೋದು ಕಲಿತರೆ ಸಾಕು. ಕರ್ನಾಟಕದಲ್ಲಿ ಜ್ವಾಲಾಮುಖಿಯೇ ಇಲ್ಲವಲ್ಲ’ ಅಂತಾರೆ. ಬಟ್ಟೆ, ದುಡ್ಡು ಮುಖ್ಯ ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಬೇರೆ ಮಕ್ಕಳಿಗೆ ಪ್ರಪಂಚದ ಅಚ್ಚರಿ, ಇವರಿಗೆ ಬರೀ ದಿನಚರಿ ಅಂತ ಹಂಚಿದವರು ಯಾರು? 2016ರ ಕಾಯ್ದೆ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಸಮನ್ವಯ ಶಿಕ್ಷಣ ಕೊಡಬೇಕು ಅನ್ನುತ್ತೆ. ಕ್ಲಾಸಿನಲ್ಲಿ ಜಾಗ ಕೊಟ್ಟು ಪಾಠ ಕೊಡದಿದ್ರೆ ಅದು ಸಮನ್ವಯ ಹೇಗಾಗುತ್ತೆ?

ಕರ್ನಾಟಕದಲ್ಲಿ ಇಲ್ಲ ಅನ್ನೋದೂ ಪೂರ್ತಿ ಸರಿಯಲ್ಲ. ಈಗ ಸಕ್ರಿಯವಾಗಿರೋದು ನಮ್ಮ ದೇಶದಲ್ಲಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. 1787ರಲ್ಲಿ ಅದು ಉಗುಳಿದ ದಾಖಲೆ ಇದೆ, ಸುಮಾರು 150 ವರ್ಷ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ಆದರೆ ಹಳೆಯ ಲಾವಾ ನಮ್ಮ ಕಾಲ ಕೆಳಗೇ ಇದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಖ್ಖನ್ ಲಾವಾ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಗೆ ಹರಡಿದೆ, ಅಲ್ಲಿನ ಎರೆ ಮಣ್ಣು ಬಹುಪಾಲು ಅದೇ ಕಲ್ಲು ಸವೆದು ಆದದ್ದು. ಒಣಗಿದಾಗ ಬಿರುಕು, ನೆಂದಾಗ ಕಾಲಿಗೆ ಅಂಟು. ಇದಕ್ಕಿಂತ ಒಳ್ಳೆ ಮುಟ್ಟುವ ಪಾಠ ಬೇಕಾ? ಸೇಂಟ್ ಮೇರೀಸ್‌ನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನೊಳಗೆ ಹರಿದು ದಿಂಬಿನ ಆಕಾರದಲ್ಲಿ ಹೆಪ್ಪುಗಟ್ಟಿದ ಲಾವಾ ಇದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದಿಂಬು ಹೇಗಿರುತ್ತೆ ಅಂತ ಯಾವ ಮಗುವಿಗೆ ಗೊತ್ತಿಲ್ಲ?

ವೈವಾ ಮುಗಿದ ಮೇಲೆ ಅದು ಎಲ್ಲಿರುತ್ತೆ?

ನಮ್ಮ ಪ್ರಾಜೆಕ್ಟ್ ಪಟ್ಟಿಗಳಲ್ಲಿ ಪ್ರತಿ ವರ್ಷ ‘ವಿಕಲಚೇತನರಿಗಾಗಿ’ ಅಂತ ಒಂದೆರಡು ಶೀರ್ಷಿಕೆ ಇದ್ದೇ ಇರುತ್ತೆ. ಪಿಪಿಟಿ, ಡೆಮೊ, ಮಾರ್ಕ್ಸ್, ಆಮೇಲೆ ಲ್ಯಾಬಿನ ಬೀರು. ಯಾರ ಹೆಸರಲ್ಲಿ ಮಾಡಿದ್ದೋ ಅವರು ಅದನ್ನು ಒಮ್ಮೆಯೂ ಮುಟ್ಟಿರಲ್ಲ. ಐಐಟಿ ದೆಹಲಿಯ ಸ್ಮಾರ್ಟ್‌ಕೇನ್ ಕೂಡ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿಯೇ ಶುರುವಾಗಿದ್ದು. ಮೊಣಕಾಲಿಗಿಂತ ಮೇಲಿರೋ ಅಡ್ಡಿಯನ್ನು ಶಬ್ದಾತೀತ ತರಂಗದಿಂದ ಗುರುತಿಸಿ ಹಿಡಿಕೆಯಲ್ಲಿ ನಡುಕ ಕೊಡುವ ಊರುಗೋಲು ಅದು. ಆದರೆ ಅದು ಬೀರುವಿನಲ್ಲಿ ನಿಲ್ಲಲಿಲ್ಲ. ದೃಷ್ಟಿ ಇಲ್ಲದವರೇ ವರ್ಷಗಟ್ಟಲೆ ಬಳಸಿ ನೋಡಿದರು, ಅದಕ್ಕೆ ತಕ್ಕಂತೆ ಬದಲಾಗುತ್ತಾ ಬಂತು, 2014ರಲ್ಲಿ ಜನರ ಕೈಗೆ ಬಂತು. ನಮಗೂ ಅವರಿಗೂ ವ್ಯತ್ಯಾಸ ಇರೋದು ಬುದ್ಧಿಯಲ್ಲಿ ಅಂತ ನಾವು ಒಪ್ಪಲ್ಲ, ಆ ವರ್ಷಗಳಲ್ಲಿದೆ.

ಹಾಗಾಗಿ ನಮ್ಮ ಸಲಹೆ ಸಣ್ಣದು. ಮುಂದಿನ ಮಿನಿ ಪ್ರಾಜೆಕ್ಟ್‌ಗೆ ಹೊಸ ಸಾಧನದ ಹೆಸರು ಹುಡುಕಬೇಡಿ. ಒಂದು ಶಾಲೆ, ಒಂದು ಪಾಠ ಆರಿಸಿಕೊಳ್ಳಿ. ತಾಲ್ಲೂಕಿನ ಬಿಆರ್‌ಸಿ ಕಚೇರಿಗೆ ಹೋಗಿ. ಅಲ್ಲಿ ವಿಶೇಷಚೇತನ ಮಕ್ಕಳಿಗಾಗಿ ಬಿಐಇಆರ್‌ಟಿ ಅನ್ನೋ ಸಂಪನ್ಮೂಲ ಶಿಕ್ಷಕರಿರ್ತಾರೆ. ಯಾವ ಶಾಲೆಯಲ್ಲಿ ಯಾವ ಮಗುವಿದೆ, ಅದಕ್ಕೆ ಏನು ಇಷ್ಟ, ಏನು ಭಯ ಅಂತ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮೊದಲ ಭೇಟಿಗೆ ಲ್ಯಾಪ್‌ಟಾಪ್ ಬೇಡ, ಗಂಜಿ ಮತ್ತು ಸ್ಟ್ರಾ ಸಾಕು. ಏನು ಕೆಲಸ ಮಾಡ್ತು, ಎಲ್ಲಿ ಮಗು ಸಿಕ್ಕಿಕೊಂಡಿತು ಅಂತ ಟೀಚರ್ ಜೊತೆ ಕೂತು ಬರೆದುಕೊಳ್ಳಿ. ಸಿಕ್ಕಿಕೊಂಡ ಜಾಗಕ್ಕೆ ಮಾತ್ರ ಸರ್ಕ್ಯೂಟ್ ಮಾಡಿ. ಕೆಟ್ಟರೆ ಟೀಚರೇ ಬಿಚ್ಚಿ ಸರಿಮಾಡೋ ಹಾಗೆ ಮಾಡಿ, ಸೆಲ್ ಅಂಗಡಿಯಲ್ಲಿ ಸಿಗೋದಾಗಿರಲಿ, ಬಳಸುವ ಕ್ರಮ ಕನ್ನಡದಲ್ಲಿ ಒಂದು ಪುಟ ಇರಲಿ. ಮಗುವಿನ ಫೋಟೊ ಹಾಕೋ ಮೊದಲು ಮನೆಯವರನ್ನು ಕೇಳಿ, ಹಾಕದಿದ್ರೂ ಪ್ರಾಜೆಕ್ಟ್‌ಗೆ ಏನೂ ಕಮ್ಮಿಯಾಗಲ್ಲ.

ಕೊನೆಗೆ ರಿಪೋರ್ಟಿನಲ್ಲಿ ‘ಫಲಿತಾಂಶ’ ಅನ್ನೋ ಅಧ್ಯಾಯಕ್ಕೆ ಏನು ಬರೀಬೇಕು? ಸೆನ್ಸರ್ ಎಷ್ಟು ಡಿಗ್ರಿ ನಿಖರ ಅನ್ನೋದು ಇರಲಿ. ಅದಕ್ಕಿಂತ ಮೇಲೆ ಇದನ್ನು ಬರೀರಿ: ಕಿಟ್ ಕೊಟ್ಟು ಬಂದು ಒಂದು ತಿಂಗಳಾದ ಮೇಲೆ, ನಾವಿಲ್ಲದಾಗ, ಆ ಮಗು ತನ್ನ ಪಕ್ಕದವರಿಗೆ ಬೆಟ್ಟ ಯಾಕೆ ಉಬ್ಬುತ್ತೆ ಅಂತ ತನ್ನದೇ ರೀತಿಯಲ್ಲಿ ಹೇಳಿಕೊಟ್ಟಿತಾ? ಬೆರಳಲ್ಲೋ, ಸಂಜ್ಞೆಯಲ್ಲೋ, ನಾಲ್ಕು ಕಾರ್ಡಿನಲ್ಲೋ, ಹೇಗಾದರೂ ಸರಿ. ಹೌದು ಅಂತಾದ್ರೆ ಪ್ರಾಜೆಕ್ಟ್ ಮುಗೀತು. ಇಲ್ಲ ಅಂತಾದ್ರೆ ಇನ್ನೊಂದು ಶನಿವಾರ ಹೋಗಬೇಕು.